ನುಂಗಿದ ಗುಟುಕು

ಮದ್ರಾಸಿನ ಅಡ್ಯಾರಿನಲ್ಲಿದ್ದ ಕಾಫಿ ಕಂಪನಿಯೊಂದಕ್ಕೆ ಸುಮತಿ ಟೈಪಿಸ್ಟಾಗಿ ಸೇರಿದಾಗ ಅವಳಿಗೆ ಇಪ್ಪತ್ತೆರಡು ವರ್ಷ. ತನಗೆ ಇಂಥದೊಂದು ನಾಲಿಗೆ ಇದೆ ಎಂದು ಆಗ ಅವಳಿಗೇ ಗೊತ್ತಿರಲಿಲ್ಲ. ಕಾಫಿಯ ರುಚಿ ನೋಡಿ ದರ್ಜೆ ಹೇಳುವ ವಿಶ್ವನಾಥ ಅವರಿಗೆ ನಿವೃತ್ತಿ ಹತ್ತಿರ ಬಂದಿತ್ತು. ಹೊರಗಿನಿಂದ ಯಾರನ್ನೋ ಕರೆತರುವ ಬದಲು ಆಫೀಸಿನಲ್ಲೇ ಒಬ್ಬರು ಸಿಗಬಹುದೇನೋ ಎಂದು ಅವರು ಒಂದು ಮಧ್ಯಾಹ್ನ ಎಲ್ಲರ ಕೈಗೂ ನೀರಿನ ಲೋಟ ಕೊಟ್ಟರು. ಒಂದರಲ್ಲಿ ಚಿಟಿಕೆಗೂ ಕಡಿಮೆ ಉಪ್ಪು, ಒಂದರಲ್ಲಿ ಎರಡು ಹನಿ ನಿಂಬೆರಸ, ಒಂದರಲ್ಲಿ ಏನೂ ಇಲ್ಲ. ಏನೂ ಇಲ್ಲದ ಲೋಟದಲ್ಲೂ ಎಲ್ಲರೂ ಏನಾದರೊಂದನ್ನು ಕಂಡುಹಿಡಿದರು. ಸುಮತಿ ಮಾತ್ರ, "ಇದು ಬರೀ ನೀರು ಸಾರ್. ಆದ್ರೆ ಬೋರ್ ನೀರು" ಎಂದಳು. ಮರುವಾರವೇ ಅವಳನ್ನು ಟೈಪ್‌ರೈಟರಿನ ಮುಂದಿನಿಂದ ಎಬ್ಬಿಸಿ ಮೇಲಿನ ಮಹಡಿಗೆ ಕಳುಹಿಸಿದರು.

ಆ ಕೆಲಸ ಹೊರಗಿನವರು ಎಣಿಸಿದಷ್ಟು ಸುಖದ್ದಲ್ಲ. ಬೆಳಿಗ್ಗೆ ಉದ್ದನೆಯ ಮೇಜಿನ ಮೇಲೆ ಕಪ್ಪುಗಳು ಸಾಲಾಗಿ ಕಾದಿರುತ್ತಿದ್ದವು. ಪುಡಿಯ ಮೇಲೆ ಬಿಸಿನೀರು ಸುರಿದು, ತೇಲಿಬಂದ ಕೆನೆಯನ್ನು ಒಡೆದು, ಬಗ್ಗಿ ಮೂಸಿ, ಆಮೇಲೆ ಚಮಚದಿಂದ ಎತ್ತಿ ಸೊರ್ರನೆ ಸದ್ದು ಮಾಡಿ ಹೀರಬೇಕು. ಸದ್ದಿಲ್ಲದೆ ಹೀರಿದರೆ ಘಮ ಮೂಗಿಗೆ ಏರುವುದಿಲ್ಲ. ಬಾಯೊಳಗೆ ಒಮ್ಮೆ ಹೊರಳಿಸಿ ಪಕ್ಕದ ಪೀಕದಾನಿಗೆ ಉಗುಳಿ ಮುಂದಿನ ಕಪ್ಪಿಗೆ ಹೋಗಬೇಕು. ನುಂಗುತ್ತ ಹೋದರೆ ಮಧ್ಯಾಹ್ನದ ಹೊತ್ತಿಗೆ ಕೈ ನಡುಗಲು ಶುರುವಾಗುತ್ತದೆ.

ಮದುವೆಯಾಗಿ ಕೀಲ್ಪಾಕಿನ ಮನೆ ಸೇರಿದ ಮೇಲೆ ಈ ಕೆಲಸದಿಂದ ಮೊದಲ ಜಗಳ ಹುಟ್ಟಿದ್ದು ಮಲ್ಲಿಗೆ ಹೂವಿನ ವಿಷಯಕ್ಕೆ. ಗಂಡ ಮಧುಸೂದನ್ ವಿಮಾ ಕಚೇರಿಯ ಗುಮಾಸ್ತ, ತಕರಾರಿನ ಮನುಷ್ಯನಲ್ಲ. ಅತ್ತೆ ಲೀಲಮ್ಮ ಹಾಗಲ್ಲ. ಮೂರು ತಲೆಮಾರಿನಿಂದ ಮದ್ರಾಸಿನಲ್ಲಿದ್ದರೂ ಮಡಿ, ಏಕಾದಶಿ, ದ್ವಾದಶಿ ಒಂದನ್ನೂ ಸಡಿಲ ಮಾಡದ ವೈಷ್ಣವ ಮನೆತನ ಅವರದು. ಸೊಸೆ ಹೂ ಮುಡಿಯದೆ, ಮುಖಕ್ಕೆ ಪೌಡರ್ ಸೋಕಿಸದೆ, ಊಟದ ಡಬ್ಬಿಗೆ ಇಂಗಿನ ಒಗ್ಗರಣೆಯನ್ನೂ ಬೇಡವೆಂದು ಹೊರಡುವುದನ್ನು ಕಂಡು ಅವರು ಬಾಗಿಲಿಗೆ ಅಡ್ಡ ನಿಂತರು.

"ಮುತ್ತೈದೆ ಹೂ ಇಲ್ದೆ ಬೀದಿಗಿಳೀತಾಳಾ?"

"ಮಲ್ಲಿಗೆ ಮುಡಿದ್ರೆ ನಂಗೆ ಕಾಫಿ ವಾಸನೆನೇ ತಿಳಿಯಲ್ಲ ಅತ್ತೆ. ಸಾಯಂಕಾಲ ಬಂದ ತಕ್ಷಣ ಮುಡೀತೀನಿ."

ಹಾಗೇ ಆಯಿತು. ಅಲ್ಲಿಂದ ಮುಂದೆ ಹೂವಿನ ಮಾಲೆ ಸಂಜೆಗೇ ಬರತೊಡಗಿತು. ಕಾಲ ಕಳೆದಂತೆ ಲೀಲಮ್ಮನಿಗೆ ಸೊಸೆಯ ಕೆಲಸದ ಬಗ್ಗೆ ಒಂದು ಹೆಮ್ಮೆಯೂ ಬಂತು. ಪಕ್ಕದ ಮನೆಯವರ ಮುಂದೆ, "ನಮ್ ಸುಮತಿ ಸರಿ ಅಂದ್ರೇನೇ ಅಲ್ಲಿ ಲಾರಿ ಹೊರಡೋದು" ಎನ್ನುತ್ತಿದ್ದರು. ಮನೆಯ ಕಾಫಿ ಬೆರೆಸುವ ಹಕ್ಕನ್ನೂ ಪೂರ್ತಿ ಅವಳಿಗೇ ಬಿಟ್ಟುಕೊಟ್ಟರು.

ಸಾವಿರದ ಒಂಬೈನೂರ ತೊಂಬತ್ತೊಂಬತ್ತರ ಕೊನೆ. ಎಲ್ಲೆಲ್ಲೂ ಹೊಸ ಸಹಸ್ರಮಾನದ ಮಾತು. ಚೆನ್ನೈನ ದೊಡ್ಡ ಹೋಟೆಲೊಂದು ಡಿಸೆಂಬರಿನ ಕೊನೆಯ ವಾರ ಇಂಗ್ಲೆಂಡಿನ ಊಟ ಬಡಿಸುವುದಾಗಿ ಹೇಳಿಕೊಂಡಿತ್ತು. ಅದಕ್ಕೆ ಜೊತೆಯಾಗಿ ಪೋರ್ಟರ್ ಎಂಬ ಕಪ್ಪು ಬಿಯರನ್ನು ಕಾಫಿ ಸೇರಿಸಿ, ಬಾಟಲಿಗೆ ತುಂಬದೆ ಮರದ ಪೀಪಾಯಿಯಿಂದಲೇ ಬಗ್ಗಿಸಿ ಕೊಡಬೇಕೆಂಬುದು ಅವರ ಆಸೆ. ಊರ ಹೊರಗಿನ ಒಂದು ಬಿಯರ್ ಕಾರ್ಖಾನೆ ಒಪ್ಪಿಕೊಂಡಿತ್ತು, ಸುಮತಿಯ ಕಂಪನಿ ಕಾಫಿ ಕೊಟ್ಟಿತ್ತು. ಯಾವ ಕಾಫಿ ಎಂದು ಆರಿಸಿದವಳು ಸುಮತಿಯೇ. ಈಗ ಕಾರ್ಖಾನೆಯಿಂದ ಫೋನ್ ಬಂದಿತ್ತು. ಮೊದಲ ಪೀಪಾಯಿ ಕೆಟ್ಟಿದೆ, ತಪ್ಪು ಎಲ್ಲಿದೆ ಗೊತ್ತಾಗುತ್ತಿಲ್ಲ, ನಿಮ್ಮವರು ಒಮ್ಮೆ ಬಂದು ರುಚಿ ನೋಡಲಿ ಎಂದು. ಮ್ಯಾನೇಜರ್ ಅವಳನ್ನು ಕೇಳಿದರು. ಅವಳು ಮನೆಯಲ್ಲಿ ಕೇಳಿ ಹೇಳುತ್ತೇನೆ ಎಂದಳು.

ಊಟದ ಹೊತ್ತಿನಲ್ಲಿ ವಿಷಯ ತೆಗೆದಾಗ ಲೀಲಮ್ಮ ಮೊದಲು ನಕ್ಕರು. "ಪೋರ್ಟರಾ? ನಿಮ್ ಮಾವ ಎಗ್ಮೋರ್ ಸ್ಟೇಷನ್ನಲ್ಲಿ ರೈಲ್ವೆ ಗಾರ್ಡ್ ಆಗಿದ್ದಾಗ ಪೋರ್ಟರುಗಳು ಮನೆವರೆಗೂ ಬರ್ತಿದ್ರು. ಅವ್ರಿಗೂ ಕಾಫಿಗೂ ಏನು?"

"ಬಿಯರ್ ಹೆಸರು ಅತ್ತೆ. ಲಂಡನ್ನಿನ ಮೂಟೆ ಹೊರೋರು ಕುಡೀತಿದ್ರಂತೆ, ಅದಕ್ಕೇ ಆ ಹೆಸರು."

ನಗು ನಿಂತಿತು. ಮಧುಸೂದನ್ ತಟ್ಟೆಯಿಂದ ತಲೆಯೆತ್ತದೆ, "ಹೇಗೂ ಉಗುಳ್ತಾಳಲ್ಲಮ್ಮಾ, ಕಾಫಿ ಹಾಗೇನೇ ಇದೂ. ಇನ್ನೇನು?" ಎಂದ.

ಲೀಲಮ್ಮ ಸಾರಿನ ಪಾತ್ರೆ ಮುಚ್ಚಿಟ್ಟರು. "ಕೆಲಸ ಅಂದ್ಮೇಲೆ ಬೇಡ ಅನ್ನೋಕಾಗಲ್ಲ. ಹೋಗಿ ಬಾ. ಆದ್ರೆ ನುಂಗಬೇಡ. ಅಷ್ಟೇ ನಾನು ಕೇಳೋದು."

"ನುಂಗಲ್ಲ ಅತ್ತೆ" ಎಂದಳು ಸುಮತಿ. ಅದರಲ್ಲಿ ಅವಳಿಗೆ ಯಾವ ಕಷ್ಟವೂ ಕಾಣಲಿಲ್ಲ.

ಕಾರ್ಖಾನೆಯ ಬಿಯರ್ ತಯಾರಿಕೆಯ ಮುಖ್ಯಸ್ಥ ಕಾಂತಪ್ಪ ಚಿತ್ರದುರ್ಗದ ಕಡೆಯವರು. ಸ್ಕಾಟ್ಲೆಂಡಿನಲ್ಲಿ ಈ ವಿದ್ಯೆ ಕಲಿತು ಬಂದಿದ್ದರು. ಗೇಟಿನಲ್ಲಿ ಕನ್ನಡ ಕೇಳಿದ್ದೇ ಅವರ ಮುಖ ಅರಳಿತು. "ಇಲ್ಲಿ ಕನ್ನಡ ಆಡಿ ಎಷ್ಟೋ ದಿನ ಆಯ್ತು ಮೇಡಂ, ಬರ್ರಿ" ಎಂದು ತಣ್ಣನೆಯ ಕೋಣೆಗೆ ಕರೆದುಕೊಂಡು ಹೋದರು. ಮರದ ತೊಟ್ಟಿಲಿನಂಥ ಅಡ್ಡೆಯ ಮೇಲೆ ಪೀಪಾಯಿ ಅಡ್ಡಡ್ಡ ಮಲಗಿತ್ತು. ಇದಕ್ಕೆ ಗ್ಯಾಸ್ ತುಂಬುವುದಿಲ್ಲ, ಒಳಗೆ ಇನ್ನೂ ಜೀವ ಇದೆ, ಹುಳಿಯುತ್ತಲೇ ಇರುತ್ತದೆ, ಆದ್ದರಿಂದ ಅಲುಗಿಸದೆ ಮಲಗಿಸಿಡಬೇಕು ಎಂದು ಅವರು ಮಗುವಿನ ವಿಷಯ ಮಾತಾಡುವಂತೆ ವಿವರಿಸಿದರು. ನಲ್ಲಿ ತಿರುಗಿಸಿ ಗಾಜಿನ ಲೋಟಕ್ಕೆ ಹಿಡಿದರು. ಎರಡನೇ ಡಿಕಾಕ್ಷನ್ನಿನ ಬಣ್ಣ. ಮೇಲೆ ಕಂದು ನೊರೆಯ ತೆಳುವಾದ ಪದರ.

ಸುಮತಿ ಮೂಸಿದಳು. ಹೀರಿದಳು, ಎಂದಿನಂತೆ ಸೊರ್ರೆಂದು. ಹೊರಳಿಸಿ ಉಗುಳಿದಳು. ಮತ್ತೊಮ್ಮೆ ಮಾಡಿದಳು.

"ನಮ್ ಕಾಫೀಲಿ ದೋಷ ಇಲ್ಲ. ಹುಳಿ ಇಲ್ಲ, ಮುಗ್ಗಲು ವಾಸನೆ ಇಲ್ಲ. ಪೀಪಾಯಿ ಮರದ್ದೇನಾದ್ರೂ ಇರಬಹುದು" ಎಂದಳು.

ಕಾಂತಪ್ಪ ತಲೆ ಕೆರೆದುಕೊಂಡರು. "ಮೇಡಂ, ಬಾಯಲ್ಲಿ ನಮಗೂ ಚೆನ್ನಾಗೇ ಐತೆ. ಬಿಯರ್ ಕಹಿ ಗಂಟಲಿಗೆ ಇಳಿದ ಮೇಲೆ ಮಾತಾಡ್ತದೆ. ಅದಕ್ಕೇ ನಾವು ಯಾರೂ ಉಗುಳಲ್ಲ. ತೊಂದರೆ ಇರೋದು ಅಲ್ಲಿ."

"ನುಂಗಲ್ಲ ಅಂತ ಮನೇಲಿ ಮಾತು ಕೊಟ್ಟಿದೀನಿ."

"ಹಂಗಾದ್ರೆ ಬಿಡ್ರಿ, ಬಲವಂತ ಇಲ್ಲ. ಕಾಫಿ ಸರಿ ಐತೆ ಅಂತ ಹೇಳಿದ್ರಲ್ಲ, ಸಾಕು. ನಾವು ಪೀಪಾಯಿ ಬದಲಾಯಿಸಿ ನೋಡ್ತೀವಿ."

ಅವರು ಮುನಿಸಿಲ್ಲದೆಯೇ ಹೇಳಿದ್ದು. ಸುಮತಿಗೆ ಕುಳಿತಲ್ಲಿ ಕುಳಿತಿರಲಾಗಲಿಲ್ಲ. ಇಷ್ಟು ವರ್ಷ ಅವಳು ಹೇಳಿದ್ದೆಲ್ಲ ತನ್ನ ಬಾಯಿಗೆ ಗೊತ್ತಿದ್ದನ್ನು. ಈಗ ತನಗೆ ಗೊತ್ತಿಲ್ಲದ್ದನ್ನು ಗೊತ್ತಿದೆ ಎಂಬಂತೆ ಹೇಳಿದ್ದಳು, ಅದನ್ನು ನಂಬಿ ಈ ಮನುಷ್ಯ ಒಳ್ಳೆಯ ಪೀಪಾಯಿಯೊಂದನ್ನು ಎಸೆಯಲು ಹೊರಟಿದ್ದರು. ಅತ್ತೆಯ ಮುಖ ಕಣ್ಣಮುಂದೆ ಬಂತು. ಲೋಟದಲ್ಲಿ ಉಳಿದದ್ದನ್ನು ನೋಡಿದಳು. ಎತ್ತಿ ಒಂದು ಗುಟುಕು ನುಂಗಿದಳು.

ಕ್ಷಣ ಹೊತ್ತು ಏನೂ ಇರಲಿಲ್ಲ. ಆಮೇಲೆ ಗಂಟಲಿನ ತಳದಿಂದ ಸುಟ್ಟ ಕಹಿ ಮೇಲಕ್ಕೆ ಹತ್ತತೊಡಗಿತು. ಸೀದ ಪಾತ್ರೆಯ ತಳವನ್ನು ಕೆರೆದು ತಿಂದ ಹಾಗೆ. ನೀರು ಕುಡಿದರೂ ಅದು ಹೋಗಲಿಲ್ಲ. ಆ ಕಹಿಯ ಪರಿಚಯ ಅವಳಿಗೆ ಚೆನ್ನಾಗಿತ್ತು. ಕಪ್ಪಗೆ ಹುರಿದ ಪೀಬೆರ್ರಿ, ದುಂಡನೆಯ ಒಂಟಿ ಕಾಫಿಬೀಜ. ಬಿಯರಿನ ಗದ್ದಲದಲ್ಲಿ ಕಾಫಿ ಎದ್ದು ಕಾಣಬೇಕೆಂದು ಅವಳೇ ಅಷ್ಟು ಹುರಿಸಿದ್ದಳು. ಮದ್ರಾಸಿನ ಕಾಫಿಗೆ ಅದು ಸರಿ, ಹಾಲು ಅದರ ಉರಿಯನ್ನು ತಡೆದುಕೊಳ್ಳುತ್ತದೆ. ಇಲ್ಲಿ ಹಾಲು ಎಲ್ಲಿತ್ತು?

"ಪೀಪಾಯಿ ಬದಲಾಯಿಸಬೇಡಿ" ಎಂದಳು. "ತಪ್ಪು ನಂದು. ಹಾಲಿಗೆ ಹುರಿದ ಹಾಗೆ ಹುರಿಸಿ ಕಳಿಸಿದೀನಿ. ಹದವಾಗಿ ಹುರಿದ ಪ್ಲಾಂಟೇಷನ್ ಕಾಫಿ ಕೊಡ್ತೀನಿ, ಅದಕ್ಕೆ ಇಷ್ಟು ಕಹಿ ಇಲ್ಲ. ಪುಡಿ ಮಾಡದೆ ಇಡೀ ಬೀಜಾನೇ ಬಟ್ಟೇಲಿ ಗಂಟು ಕಟ್ಟಿ ಪೀಪಾಯಿಗೆ ಇಳಿಬಿಡಿ."

ಆ ಸಂಜೆ ಮನೆಗೆ ಬಂದವಳೇ ಚಪ್ಪಲಿ ಬಿಡುವ ಮೊದಲೇ ಹೇಳಿಬಿಟ್ಟಳು. "ಅತ್ತೆ, ಒಂದು ಗುಟುಕು ನುಂಗಿದೆ."

ಹೂವಿನ ಮಾಲೆ ಹಿಡಿದು ಬಂದಿದ್ದ ಲೀಲಮ್ಮ ಅದನ್ನು ಕಿಟಕಿಯ ಮೇಲಿಟ್ಟರು. ಮರುದಿನ ಬೆಳಿಗ್ಗೆ ಸುಮತಿ ಎದ್ದಾಗ ಅಡುಗೆಮನೆಯಲ್ಲಿ ಎರಡು ಫಿಲ್ಟರ್ ಇದ್ದವು. ಮೇಲಿನ ಹಲಗೆಯಿಂದ ತಮ್ಮ ಕಾಲದ ಹಿತ್ತಾಳೆಯದನ್ನು ಇಳಿಸಿ, ಹುಣಸೆಹಣ್ಣಿನಲ್ಲಿ ಉಜ್ಜಿ, ಲೀಲಮ್ಮ ತಮಗೆ ಬೇರೆ ಡಿಕಾಕ್ಷನ್ ಹಾಕಿಕೊಂಡಿದ್ದರು. ಸೊಸೆ ಬೆರೆಸಿದ ಲೋಟವನ್ನು ಮುಟ್ಟಲಿಲ್ಲ. ಶಾಲೆಗೆ ಹೊರಟಿದ್ದ ಮಗಳು ಚಿನ್ಮಯಿ ಎರಡು ಫಿಲ್ಟರನ್ನೂ ಅಜ್ಜಿಯನ್ನೂ ನೋಡಿ, "ಪಾಟ್ಟಿಗೆ ಕೋಪಮಾ ಅಮ್ಮಾ?" ಎಂದು ಅರ್ಧ ತಮಿಳಿನಲ್ಲಿ ಪಿಸುಗುಟ್ಟಿದಳು. "ಹೂಂ" ಎಂದಳು ಸುಮತಿ. ಮಾತುಕತೆ ಎಂದಿನಂತೆ ನಡೆಯಿತು, ಊಟ ತಿಂಡಿ ನಡೆಯಿತು, ಕಾಫಿ ಮಾತ್ರ ಬೇರೆಬೇರೆಯಾಯಿತು.

ಡಿಸೆಂಬರಿನ ಕೊನೆಯ ವಾರ ಹೋಟೆಲಿನಲ್ಲಿ ಹೊಸ ಕಾಫಿ ಹಾಕಿ ಮತ್ತೆ ತುಂಬಿದ ಪೀಪಾಯಿಯನ್ನು ತೆರೆದರು. ಕಾಂತಪ್ಪ ಸುಮತಿಯನ್ನೂ ಅವಳ ಗಂಡನನ್ನೂ ಕರೆದಿದ್ದರು. ಮಧುಸೂದನ್ ಆಫೀಸಿನ ಷರ್ಟಿನಲ್ಲೇ ಬಂದು ಒಂದು ಮೂಲೆಯಲ್ಲಿ ಲೈಮ್ ಜ್ಯೂಸ್ ಹಿಡಿದು ನಿಂತ. ಪೀಪಾಯಿಗೆ ಒದ್ದೆ ಗೋಣಿಚೀಲ ಸುತ್ತಿ, ಮೇಲೆ ಐಸ್ ಪೇರಿಸಿದ್ದರು. ಕಾಂತಪ್ಪ ಮರದ ಕೊಡತಿ ಎತ್ತಿ ಒಂದೇ ಏಟಿಗೆ ನಲ್ಲಿಯನ್ನು ಒಳಗೆ ಹೊಡೆದರು. ಮುಂಗೈಗೆ ನೊರೆ ಚಿಮ್ಮಿತು. ಮೊದಲು ಬಂದ ಗಸಿಯನ್ನು ಚೆಲ್ಲಿ, ತಿಳಿಯಾದ ಮೇಲೆ ಮೊದಲ ಲೋಟವನ್ನು ಸುಮತಿಯ ಕೈಗೆ ಕೊಟ್ಟರು.

ಅವಳು ಕೂತುಕೊಂಡು ನಿಧಾನವಾಗಿ ಕುಡಿದಳು. ತೀರಾ ತಣ್ಣಗಿರಲಿಲ್ಲ, ಮಣ್ಣಿನ ಹೂಜಿಯ ನೀರಿನಷ್ಟು ತಂಪು. ಗುಳ್ಳೆಗಳು ನಾಲಿಗೆಯನ್ನು ಚುಚ್ಚದೆ ಸುಮ್ಮನೆ ಕರಗಿದವು. ಮೊದಲಿಗೆ ಹುರಿದ ರಾಗಿಯ ಹಾಗೆ, ಪಾಕ ಸ್ವಲ್ಪ ಮುಂದೆ ಹೋದ ಬೆಲ್ಲದ ಹಾಗೆ ಒಂದು ರುಚಿ. ಕಾಫಿ ಎಲ್ಲಿ ಎಂದು ಹುಡುಕುವಷ್ಟರಲ್ಲಿ, ನುಂಗಿದ ಮೇಲೆ, ಪಕ್ಕದ ಮನೆಯಲ್ಲಿ ಯಾರೋ ಬೀಜ ಹುರಿದಂತೆ ಅದು ಹಿಂದಿನಿಂದ ಬಂತು. ಕಹಿ ಗಂಟಲಲ್ಲಿ ಸ್ವಲ್ಪ ಕೂತು ತಾನಾಗಿ ಎದ್ದುಹೋಯಿತು.

"ಹೆಂಗೈತೆ ಮೇಡಂ?"

"ಸರಿಯಾಗಿದೆ" ಎಂದಳು. ಅವಳ ವೃತ್ತಿಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇರಲಿಲ್ಲ. ಲೋಟವನ್ನು ಮುಗಿಸಿದಳು.

ಹೋಟೆಲಿನ ಅತಿಥಿಗಳಲ್ಲಿ ಮೆಚ್ಚಿದವರು ಕಡಿಮೆ. ಕೆಲವರು ಬಿಯರ್ ಬಿಸಿಯಾಗಿದೆ ಎಂದು ಐಸ್ ಕೇಳಿ ಹಾಕಿಸಿಕೊಂಡರು, ಒಬ್ಬರು ಇದಕ್ಕೆ ನೊರೆಯೇ ಇಲ್ಲವಲ್ಲ ಎಂದು ವಾಪಸ್ ಕೊಟ್ಟರು. ಕಾಂತಪ್ಪ ಬೇಜಾರು ಮಾಡಿಕೊಳ್ಳದೆ, ಕುಡಿದವರ ಮುಖಗಳನ್ನೇ ನೋಡುತ್ತ ನಿಂತಿದ್ದರು. ಮನೆಗೆ ವಾಪಸಾಗುವಾಗ ಆಟೋದಲ್ಲಿ ಮಧುಸೂದನ್ ಕೇಳಿದ, "ಇವತ್ತೂ ಅಮ್ಮಂಗೆ ಹೇಳ್ತೀಯಾ?"

"ಹೇಳದೆ ಇರಕ್ಕಾಗುತ್ತಾ?"

ಹೇಳಿದಳು. ಲೀಲಮ್ಮ ಕೇಳಿಸಿಕೊಂಡು ಮಲಗಲು ಹೋದರು.

ಹೊಸ ವರ್ಷದ ಮೊದಲ ಏಕಾದಶಿ ಕಳೆದು ದ್ವಾದಶಿಯ ಬೆಳಿಗ್ಗೆ. ನಿರಾಹಾರ ಉಪವಾಸದಿಂದ ಸೋತ ಲೀಲಮ್ಮ ಪೂಜೆ, ಪಾರಣೆ ಮುಗಿಸಿ ಅಡುಗೆಮನೆಯ ಹೊಸ್ತಿಲ ಬಳಿ ಮಣೆ ಎಳೆದುಕೊಂಡು ಕೂತರು. ಹಿತ್ತಾಳೆ ಫಿಲ್ಟರಿನತ್ತ ಒಮ್ಮೆ ನೋಡಿದರು.

"ನಾನ್ ಹಾಕಿದ್ದು ಕಷಾಯದ ಹಾಗಿರುತ್ತೆ" ಎಂದರು. "ನಿಂದೇ ಕೊಡು."

ಸುಮತಿ ಬೆರೆಸಿ ಕೊಟ್ಟಳು. ಅವರು ಲೋಟ ಎತ್ತಿ ತುಟಿಗೆ ತಾಗಿಸದೆ ಒಂದಿಷ್ಟು ಕುಡಿದು ಕೇಳಿದರು, "ಅವತ್ತು ಅದನ್ನ ನುಂಗಿದ್ಮೇಲೆ ಏನು ಗೊತ್ತಾಯ್ತು?"

"ನಾನು ಆರಿಸಿದ ಕಾಫಿ ತಪ್ಪು ಅಂತ."

"ಉಗುಳಿದ್ರೆ ಗೊತ್ತಾಗ್ತಿರ್ಲಿಲ್ವಾ?"

"ಇಲ್ಲ ಅತ್ತೆ. ಉಗುಳಿ, ನಮ್ದು ಸರಿಯಾಗಿದೆ ಅಂತ ಹೇಳೂ ಆಗಿತ್ತು."

ಲೀಲಮ್ಮ ಉಳಿದ ಕಾಫಿ ಮುಗಿಸಿದರು. "ಸುಳ್ಳು ಹೇಳಿ ಬರೋದಕ್ಕಿಂತ ವಾಸಿ. ಆದ್ರೆ ನಂಗದು ಇಷ್ಟ ಇಲ್ಲ. ಅದೂ ನಿಂಗೆ ಗೊತ್ತಿರ್ಲಿ."

"ಗೊತ್ತು ಅತ್ತೆ."

ಪೀಪಾಯಿಯ ಪೋರ್ಟರ್ ಚೆನ್ನೈನಲ್ಲಿ ಹೆಚ್ಚು ಕಾಲ ನಡೆಯಲಿಲ್ಲ. ಬೇಸಿಗೆ ಬಂದಾಗ ಎಷ್ಟು ಐಸ್ ಪೇರಿಸಿದರೂ ತೆರೆದ ಪೀಪಾಯಿ ಬೇಗ ಹುಳಿಯಾಗುತ್ತಿತ್ತು. ಹೋಟೆಲಿನವರು ಕೈಬಿಟ್ಟರು, ಕಾರ್ಖಾನೆ ತನ್ನ ಬಾಟಲಿಗಳಿಗೆ ಮರಳಿತು. ಕಾಂತಪ್ಪ ಮಾತ್ರ ಸುಮತಿಯನ್ನು ಬಿಡಲಿಲ್ಲ. ಹೊಸದೇನಾದರೂ ಮಾಡಿದಾಗಲೆಲ್ಲ ಫೋನ್ ಮಾಡಿ, "ಒಂದು ಸಲ ಬಂದ್ಹೋಗ್ರಿ" ಎನ್ನುತ್ತಿದ್ದರು. ಅವರು ನಿವೃತ್ತರಾಗಿ ಊರಿಗೆ ಹೋಗುವವರೆಗೆ, ವರ್ಷಕ್ಕೆ ಒಂದೆರಡು ಸಲ ಅವಳು ಹೋಗಿಬಂದಳು.

ಹೋಗುವ ಮುನ್ನ ಮನೆಯಲ್ಲಿ ಹೇಳಿಯೇ ಹೋಗುತ್ತಿದ್ದಳು. ಲೀಲಮ್ಮ ಬೇಡ ಎಂದು ಮತ್ತೆ ಹೇಳಲಿಲ್ಲ, ಹೂಂ ಎಂದೂ ಹೇಳಲಿಲ್ಲ. ಒಂದು ಕಟ್ಟಳೆ ಮಾತ್ರ ಮಾಡಿದರು. ಆ ದಿನ ಸೊಸೆ ತಲೆಗೆ ಸ್ನಾನ ಮಾಡದೆ ಅಡುಗೆಮನೆಗೆ ಕಾಲಿಡಬಾರದು. ಸುಮತಿ ಒಪ್ಪಿಕೊಂಡಳು. ಸಂಜೆ ಅವಳು ಬಸ್ಸಿಳಿದು ಗೇಟು ತೆರೆಯುವ ಸದ್ದಾದರೆ ಸಾಕು, ಒಳಗಿನಿಂದ ಲೀಲಮ್ಮನ ದನಿ ಕೇಳುತ್ತಿತ್ತು.

"ನೀರು ಕಾದಿದೆ. ಮೊದ್ಲು ಹೋಗು."