ಎರಡು ಕೋಟು ಬಣ್ಣ

ಅಪ್ಪ ಅಮ್ಮ ಇಟ್ಟ ಹೆಸರು ಪೇಂಟರಿಗೇ ಮರೆತುಹೋಗುವಷ್ಟು ಕಾಲವಾಗಿತ್ತು. ಬೀದಿಯವರ ಬಾಯಲ್ಲಿ ಅವನು ‘ಎರಡು ಕೋಟು’. ಗೋಡೆಯ ಕಾಯಿಲೆ ಯಾವುದೇ ಇರಲಿ, ಅವನ ಮದ್ದು ಒಂದೇ: ಉಪ್ಪುಕಾಗದದಲ್ಲಿ ಉಜ್ಜು, ಎರಡು ಕೋಟು ಬಣ್ಣ ಹೊಡಿ. ಬಾಡಿಗೆ ಮನೆ ಖಾಲಿಯಾಯಿತೆಂದರೆ ಮಾಲೀಕರು ಮೊದಲು ಹುಡುಕುತ್ತಿದ್ದದ್ದು ಅವನನ್ನೇ. ಬೂಷ್ಟು ಹಿಡಿದು ಕಪ್ಪಾದ ಗೋಡೆ ಸಂಜೆಯೊಳಗೆ ಹಾಲಿನಂತೆ ಬೆಳ್ಳಗಾಗುತ್ತಿತ್ತು. ಒಳಗಿನ ತೇವ ಬಣ್ಣ ದಾಟಿ ಮತ್ತೆ ಮುಖ ತೋರಿಸಲು ನಾಲ್ಕು ತಿಂಗಳು ಬೇಕು. ಅಷ್ಟರಲ್ಲಿ ಹೊಸಬರು ಬಂದು ಪಾತ್ರೆ ಪಡಗ ಹೊಂದಿಸಿಕೊಂಡಾಗಿರುತ್ತಿತ್ತು. ಇದರಲ್ಲಿ ಮೋಸವಿದೆಯೆಂದು ಅವನಿಗೆ ಅನಿಸಿದ್ದೇ ಇಲ್ಲ. ಗೋಡೆಯೊಳಗೆ ಇಣುಕುವುದು ಪೇಂಟರ ಕೆಲಸವೇ?

ಇಣುಕುವಂತೆ ಮಾಡಿದ್ದು ಹೆಂಡತಿಯ ಉಬ್ಬಸ. ಅವಳು ತಮ್ಮ ಬಾಡಿಗೆ ಮನೆಯಲ್ಲೇ ಬಟ್ಟೆ ಹೊಲಿಯುವವಳು. ಹೊಲಿಗೆ ಮಿಷನ್ನು ಒಳಕೋಣೆಯ ಗೋಡೆಗೆ ತಾಗಿಕೊಂಡಿತ್ತು. ಮಹಡಿ ಮನೆಯ ಬಚ್ಚಲ ಪೈಪು ಅದೇ ಗೋಡೆಯೊಳಗೆ ಸೋರುತ್ತಿತ್ತು. ಅಂಗೈ ಅಗಲವಿದ್ದ ಕಪ್ಪು, ಮಳೆ ಹಿಡಿದ ಮೇಲೆ ಕಿಟಕಿಯವರೆಗೂ ಹಬ್ಬಿತು. ಸೂಜಿಗೆ ದಾರ ಪೋಣಿಸುವುದರೊಳಗೆ ಅವಳಿಗೆ ಎರಡು ಸಲ ಕೆಮ್ಮು.

ಮೂವತ್ತು ವರ್ಷದಿಂದ ಮಾಡಿಕೊಂಡು ಬಂದದ್ದನ್ನೇ ಅವನು ಮಾಡಿದ. ಒದ್ದೆ ಗೋಡೆಗೆ ಬಣ್ಣ ಕೂರುವುದಿಲ್ಲವಲ್ಲ, ಫ್ಯಾನು ಹಾಕಿ ಒಣಗಿಸಿದ. ಫ್ಯಾನು ತಿರುಗುತ್ತಿರುವಾಗಲೇ ಉಪ್ಪುಕಾಗದದಲ್ಲಿ ಗಸಗಸ ಉಜ್ಜಿದ. ಕರಿ ಧೂಳು ಹಾಸಿಗೆ, ಬಟ್ಟೆ, ಅವಳ ತಲೆಗೂದಲು, ಎಲ್ಲದರ ಮೇಲೂ ಕೂತಿತು. ಸಂಜೆ ಅವಳು ಒಂದು ಮಾತೂ ಮುಗಿಸಲಾಗದೆ ಬಾಗಿಲು ಹಿಡಿದು ನಿಂತಳು. ಅವನು ಅವಳನ್ನು ಎತ್ತಿಕೊಂಡೇ ಆಸ್ಪತ್ರೆಗೆ ಓಡಿದ.

“ಒಣಗಿದ ಬೂಷ್ಟನ್ನ ಉಜ್ಜೋದಾ? ಅದರ ಬೀಜ ಎಲ್ಲ ಮನೆ ತುಂಬ ಹರಡಿದೀರಲ್ರೀ,” ಎಂದರು ಡಾಕ್ಟರಮ್ಮ. “ಇವರನ್ನ ಬೇರೆ ಕಡೆ ಕಳಿಸಿ. ನೀವು ಮಾಸ್ಕ್, ಗ್ಲೌಸ್ ಹಾಕ್ಕೊಂಡು, ಕಿಟಕಿ ತೆಗೆದು, ಸೋಪಿನ ನೀರಲ್ಲಿ ಒದ್ದೆ ಮಾಡಿ ಒರೆಸಿ. ಬೂಷ್ಟು ಹಿಡಿದ ಹಾಸಿಗೆ ಎಸೀರಿ. ಆದ್ರೆ ಸೋರೋದು ನಿಲ್ಲದೆ ಏನ್ ಮಾಡಿದ್ರೂ ಅದು ವಾಪಸ್ ಬರುತ್ತೆ.”

ಹೆಂಡತಿಯನ್ನು ಅವಳ ಅಕ್ಕನ ಮನೆಗೆ ಬಿಟ್ಟು, ಹೇಳಿದ್ದನ್ನೆಲ್ಲ ಚಾಚೂ ತಪ್ಪದೆ ಮಾಡಿದ. ಹದಿನೈದು ದಿನಕ್ಕೆ ಕಪ್ಪು ಚುಕ್ಕೆ ಮತ್ತೆ ಹಾಜರು. ಮಾಲೀಕರ ಮನೆಗೆ ಅಲೆದು ಅಲೆದು ಚಪ್ಪಲಿ ಸವೆಯಿತು. ಮಹಡಿಯ ಬಚ್ಚಲು ಒಡೆಸಲು ಅವರು ಸುತರಾಂ ಒಪ್ಪಲಿಲ್ಲ.

“ಎರಡು ಕೋಟು ಹೊಡ್ಕೊಳಯ್ಯ, ಅದನ್ನೂ ನಿನಗೆ ಹೇಳ್ಕೊಡ್ಬೇಕಾ?” ಎಂದು ನಕ್ಕರು.

ಅವನಿಗೆ ಮೈಯೆಲ್ಲ ಉರಿಯಿತು. ಆದರೆ ಅವರು ಹೇಳಿದ್ದು ಅವನದೇ ಮಾತು.

ಅಕ್ಕನ ಮನೆಯಲ್ಲಿ ಒಂದು ಕೋಣೆಗೆ ಆರು ಜನ. ಅಲ್ಲಿ ಎಷ್ಟು ದಿನ ಅಂತ ಇರುವುದು? ಕೊನೆಗೆ ಮಾಲೀಕರೇ ಕನಿಕರಪಟ್ಟು ಹಿಂದಿನ ಬೀದಿಯ ತಮ್ಮ ಇನ್ನೊಂದು ಮನೆಯ ಬೀಗದ ಕೈ ಕೊಟ್ಟರು. ಅವನ ಕೈಗೆಟುಕುವ ಬಾಡಿಗೆಯ ಮನೆ ಊರಲ್ಲಿ ಬೇರೆ ಇರಲಿಲ್ಲ. ಹೆಂಡತಿಯನ್ನು ಕರೆದುಕೊಂಡು ಹೋದ. ಅವಳು ಒಳಗೆ ಕಾಲಿಟ್ಟು, ಮೆಲ್ಲಗೆ ಉಸಿರೆಳೆದು, ಗೋಡೆಯ ಮೇಲೆ ಕೈಯಾಡಿಸಿದಳು.

“ಎಷ್ಟು ಬೆಳ್ಳಗಿದೆ ನೋಡ್ರೀ. ಕೆಲಸ ನಿಮ್ಮದೇನಾ?”

“ನಂದೇ. ಹೋದ ತಿಂಗಳು ಹೊಡ್ದೆ.”

“ಹಾಗಾದ್ರೆ ಭಯ ಇಲ್ಲ ಬಿಡಿ.”

ಸುಮ್ಮನಿರಬಹುದಿತ್ತು. ಮೂವತ್ತು ವರ್ಷ ಸುಮ್ಮನಿದ್ದವನಿಗೆ ಇವತ್ತು ಅವಳ ಮುಖ ನೋಡಿ ಆಗಲಿಲ್ಲ.

“ಬಣ್ಣದ ಕೆಳಗೆ ಅದೇ ಇದೆ ಕಣೇ. ನಮ್ಮನೇದಕ್ಕಿಂತ ಜಾಸ್ತಿ,” ಎಂದ.

ಅವಳು ಕೈ ತೆಗೆದಳು.

“ಎಷ್ಟು ದಿನ ತಡೆಯುತ್ತೆ?”

“ನಾಲ್ಕು ತಿಂಗಳು. ಒಂದು ಆಗ್ಲೇ ಕಳೀತು.”

“ಮೂರು ತಿಂಗಳು ಉಸಿರಾಡ್ಬಹುದಲ್ಲ,” ಎಂದಳು. “ಹೋಗಿ, ಮಿಷನ್ ತನ್ನಿ. ಈ ಸಲ ಗೋಡೆಗೆ ತಾಗಿಸೋದು ಬೇಡ.”