ಗಾಲಿಯ ಮುಚ್ಚಳದ ಮೇಲಿನ ವಿಭೂತಿ

ನಾದಿನಿಯ ತೊಟ್ಟಿಲು ಪಾಳಾಕ್ಕೆ ಹೊರಟ ದಿನದ ಮಾತು ಬಂದರೆ ಈಗಲೂ ನನ್ನ ಕೈ ತಾನಾಗಿ ಸೆರಗಿನ ತುದಿಯನ್ನು ಒಳಗೆ ಮಡಚಿಕೊಳ್ಳುತ್ತದೆ.

ಅರವತ್ತರ ದಶಕದ ಯುದ್ಧದ ವರ್ಷಗಳು. ನಾವು ಹಳಿಯಾಳದಲ್ಲಿದ್ದೆವು. ನಮ್ಮ ಮನೆಯವರು ದಾಂಡೇಲಿಯ ಕಡೆ ಕಟ್ಟಿಗೆ ಗುತ್ತಿಗೆದಾರರೊಬ್ಬರ ಟ್ರ್ಯಾಕ್ಟರ್ ನಡೆಸುತ್ತಿದ್ದರು. ನಾದಿನಿ ಚೊಚ್ಚಲ ಬಾಣಂತನ ಮುಗಿಸಿ ಮುಂಡಗೋಡ ಕಡೆಯ ಪಾಳಾಕ್ಕೆ, ಗಂಡನ ಮನೆಗೆ ಮರಳಬೇಕಿತ್ತು. ತವರಿನವರು ತೊಟ್ಟಿಲು ಒಯ್ದು ಕೂಸನ್ನು ಬಿಟ್ಟುಬರುವುದು ರೂಢಿ. ಮದುವೆಯಲ್ಲಿ ನಾವು ಕಡಿಮೆ ಮಾಡಿದೆವೆಂದು ಅವಳ ಅತ್ತೆ ಹಂಗಿಸುತ್ತಲೇ ಇದ್ದಳು. ಸಾಲದ್ದಕ್ಕೆ, ದೀಪ ಹಚ್ಚಿದ ಮೇಲೆ ಆ ಮನೆಯಲ್ಲಿ ಕೂಸನ್ನು ಹೊಸ್ತಿಲು ದಾಟಿಸುವುದಿಲ್ಲ. ಹೊತ್ತು ಮುಳುಗುವ ಮೊದಲೇ ಮುಟ್ಟಬೇಕು, ಈ ಸಲವಾದರೂ ಹುಡುಗಿಯ ತಲೆ ತಗ್ಗಬಾರದು. ನಮ್ಮೆಲ್ಲರಿಗೂ ಅದೊಂದೇ ಚಿಂತೆ.

ಧಣಿಯನ್ನು ಕೇಳಿಕೊಂಡು ಟ್ರ್ಯಾಕ್ಟರಿಗೆ ಟ್ರೇಲರ್ ಕಟ್ಟಿ ಹೋಗುವುದೆಂದಾಯಿತು. ಹಿಂದಿನ ದಿನ ನಮ್ಮ ಮನೆಯವರು ಅಂಗಳದಲ್ಲಿ ಟ್ರೇಲರಿನ ಗಾಲಿ ಬಿಚ್ಚಿದರು. ಬೇರಿಂಗನ್ನು ಸೀಮೆಎಣ್ಣೆಯಲ್ಲಿ ತೊಳೆದು, ಅಂಗೈಯಲ್ಲಿ ಗ್ರೀಸ್ ಇಟ್ಟುಕೊಂಡು ಉರುಳೆಗಳ ಸಂದಿಗೆಲ್ಲ ಒತ್ತಿ ತುಂಬಿದರು. ನಟ್ಟನ್ನು ಪೂರ್ತಿ ಬಿಗಿದು, ಆಮೇಲೆ ತುಸು ಹಿಂದಕ್ಕೆ ತಿರುಗಿಸಿ ಪಿನ್ನು ಹಾಕಿದರು. ಬಿಗಿದದ್ದನ್ನು ಮತ್ತೆ ಯಾಕೆ ಸಡಿಲ ಮಾಡಿದಿರಿ ಎಂದೆ.

“ಕೂದಲೆಳಿಯಷ್ಟು ಆಟ ಇರಬೇಕು. ಬಿಸಿ ಆದ್ರ ಕಬ್ಬಿಣ ಹಿಗ್ಗತೈತಿ.”

ನಾನು ಓದಿದ ಕಾನ್ವೆಂಟಿನಲ್ಲಿ ಕಸೂತಿ ಕಲಿಸುತ್ತಿದ್ದ ಸಿಸ್ಟರ್, ದಾರ ಬಿಗಿ ಎಳೆದರೆ ಬಟ್ಟೆ ಮುದುಡುತ್ತದೆಂದು ನಮ್ಮ ಬೆರಳಿಗೆ ಮೆಲ್ಲಗೆ ತಟ್ಟುತ್ತಿದ್ದರು. ಹಾಗೆಯೇ ಇದೂ ಅಂದುಕೊಂಡೆ. ಕೊನೆಗೆ ನಮ್ಮ ಮನೆಯವರು ಗಾಲಿಯ ನಡುವಿನ ತಗಡಿನ ಮುಚ್ಚಳ ಕೂರಿಸಿ, ಹೊಳೆಯುವಂತೆ ಒರೆಸಿಟ್ಟರು.

ಮರುದಿನ ಹುಲ್ಲು ಹಾಸಿದ ಟ್ರೇಲರಿನಲ್ಲಿ ನಾದಿನಿ, ಕೂಸು, ಮಾವನವರು, ನಾನು; ನಡುವೆ ಹಸಿರು ಬಣ್ಣದ ತೊಟ್ಟಿಲು. ಮುಂಡಗೋಡ ದಾಟಿದ ಮೇಲೆ ಕರಕಲು ವಾಸನೆ ಬಂತು. ನಾದಿನಿ ಕೂಸಿನ ಮೂಗು ಮುಚ್ಚಿದಳು. ಎಡಗಾಲಿಯಿಂದ ಹೊಗೆ ಏಳುತ್ತಿತ್ತು.

ಎಲ್ಲರೂ ಇಳಿದೆವು. ನಮ್ಮ ಮನೆಯವರು ನಟ್ಟು ಬಿಚ್ಚುವ ಪಾನಾ ತರಲು ಟ್ರ್ಯಾಕ್ಟರಿನ ಕಡೆ ಹೋದರು. ಗಾಲಿಯ ಮುಚ್ಚಳದ ಮೇಲೆ ನನ್ನ ಕಣ್ಣು ಬಿತ್ತು. ಅಲ್ಲಿ ಮೂರು ಬೆರಳಿನ ಬೂದು ಗುರುತು. ವಿಭೂತಿ. ಆ ಮುಂಜಾನೆ ಹೊರಡುವ ಮೊದಲು ಪೂಜೆ ಮುಗಿಸಿದ್ದವರು ಮಾವನವರೊಬ್ಬರೇ. ಜೀವಮಾನವಿಡೀ ಎತ್ತಿನ ಚಕ್ಕಡಿ ಹೊಡೆದವರು, ಗಾಲಿ ಅಲ್ಲಾಡಿಸಿ ನೋಡದೆ ದಾರಿ ಹಿಡಿದವರಲ್ಲ. ಇದನ್ನೂ ಅಲ್ಲಾಡಿಸಿದ್ದಾರೆ; ಮಗ ಬಿಟ್ಟಿದ್ದ ಆಟ ಕೈಗೆ ಹತ್ತಿದೆ; ಮೊಮ್ಮಗು ಕೂರುವ ಗಾಡಿಯೆಂದು ಕೈಯಾರೆ ಬಿಗಿದಿದ್ದಾರೆ.

ತಿರುಗಿ ನೋಡಿದೆ. ಅವರು ತಮ್ಮ ಪಾದಗಳನ್ನು ನೋಡುತ್ತ ನಿಂತಿದ್ದರು. ನಾನು ಬಗ್ಗಿ ಸೆರಗಿನ ತುದಿಯಿಂದ ಆ ಗುರುತನ್ನು ಒರೆಸಿಬಿಟ್ಟೆ. ಸೀರೆಯ ಮೇಲಿಂದಲೂ ಬೆರಳು ಚುರ್ ಎಂದಿತು.

ಮುಚ್ಚಳ ತೆಗೆಯುತ್ತಲೇ ನಮ್ಮ ಮನೆಯವರಿಗೆ ತಾವು ಬಿಟ್ಟಲ್ಲಿಂದ ನಟ್ಟು ಬಿಗಿಯ ಕಡೆ ಸರಿದದ್ದು ಕಂಡಿತು. ಒಮ್ಮೆ ತಂದೆಯ ಕಡೆ ನೋಡಿದರು. ಉರುಳೆಗಳು ನೀಲಿಗಟ್ಟಿದ್ದವು. ಗಾಡಿ ಮುಂದೆ ಹೋಗುವಂತಿರಲಿಲ್ಲ; ಬರಿ ಟ್ರ್ಯಾಕ್ಟರಿನ ಮೇಲೆ ಬಾಣಂತಿ, ಕೂಸು ಕೂರುವಂತಿರಲಿಲ್ಲ. ಮಾವನವರು ಯಾರನ್ನೂ ಕೇಳದೆ ರುಮಾಲು ಸಿಂಬೆ ಮಾಡಿ ತೊಟ್ಟಿಲನ್ನು ತಲೆಯ ಮೇಲಿಟ್ಟು ನಡೆಯತೊಡಗಿದರು.

ಪಾಳಾ ಮುಟ್ಟಿದಾಗ ದೀಪ ಹಚ್ಚಿಯಾಗಿತ್ತು. ನಾದಿನಿಯ ಅತ್ತೆ ಬಾಗಿಲಲ್ಲೇ ನಿಂತು, ಗಾಲಿ ಸುಟ್ಟ ಸುದ್ದಿ ಕೇಳಿ, ನಮ್ಮ ಮನೆಯವರನ್ನು ಮೇಲೆ ಕೆಳಗೆ ನೋಡಿದಳು. “ಗಾಲಿ ಬಿಗಿಯಾಕ ಬರಲಾರದವಗ ತೊಟ್ಟಿಲದ ಉಸಾಬರಿ ಯಾಕ್ ಬೇಕಿತ್ತು?”

“ನಂದ ತಪ್ಪಾತ್ರಿ. ಜಾಸ್ತಿ ಬಿಗಿದೆ,” ಎಂದರು ನಮ್ಮ ಮನೆಯವರು. ಮಾವನವರ ತಲೆಯ ಮೇಲೆ ತೊಟ್ಟಿಲು ಹಾಗೇ ಇತ್ತು.

ಆ ರಾತ್ರಿ ಬಾಣಂತಿ ಗಂಡನ ಊರಿನಲ್ಲೇ ಪಕ್ಕದ ಮನೆಯ ಪಡಸಾಲೆಯಲ್ಲಿ, ಪರರ ಕಂಬಳಿಯ ಮೇಲೆ ಮಲಗಿದಳು. ನೀರು ಕೊಡಲು ಬಂದ ಹೆಂಗಸರ ಮುಖ ನೋಡಲು ನನ್ನಿಂದ ಆಗಲಿಲ್ಲ. ಮಾವನವರು ಬೆಳಗಾಗುವವರೆಗೂ ಕಂಬಕ್ಕೊರಗಿ ಎದ್ದೇ ಕೂತಿದ್ದರು.

ಮುಂಜಾನೆ ನಾದಿನಿಯ ಅತ್ತೆ ಆರತಿ ಹಿಡಿದು ತನ್ನ ಬಾಗಿಲಿಗೆ ಬಂದಳು. ಕುಂಕುಮ ಹಚ್ಚುವಾಗಲೂ ಅದೇ ಮಾತು ತೆಗೆದಳು: ಇಂಥ ಅಣ್ಣನ ತಂಗಿ ನಮ್ಮ ಮನೆಯಲ್ಲಿ ಇನ್ನೇನು ಬಾಳುವೆ ಮಾಡಿಯಾಳು ಎಂದು. ನಾದಿನಿಯ ಕಣ್ಣು ತುಂಬಿ ಬಂತು.

ಆಗ ಮಾವನವರು ಮುಂದೆ ಬಂದರು. “ಬೀಗಿತೇರ, ಹುಡುಗೀಗಿ ಅನಬ್ಯಾಡ್ರಿ. ಬಿಗಿದಾಂವ ನಾನು. ಮಗ ಮುಚ್ಚಿಟ್ಟ. ಸೊಸಿನೂ ನನ್ನ ಬೆರಳಿನ ಗುರ್ತ ಒರಿಸಿದ್ಲು, ನಾ ನೋಡೀನಿ.”

ಅತ್ತೆಯ ಕೈಯಲ್ಲಿ ಆರತಿ ನಿಂತಿತು. ಆಮೇಲೆ ಅದನ್ನು ಕೂಸಿನ ಮುಖಕ್ಕೆ ಎತ್ತಿ, ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದಳು. ನಾದಿನಿ ಕೂಸನ್ನೆತ್ತಿಕೊಂಡು ಒಳಗೆ ಹೋದಳು.

ನಾನು ಹೊರಗೇ ಉಳಿದೆ. ಎಲ್ಲರೂ ನನ್ನ ಸೆರಗನ್ನೇ ನೋಡುತ್ತಿದ್ದಾರೆನಿಸಿತು. ಅದರ ತುದಿಯಲ್ಲಿ ಗ್ರೀಸಿನ ಕಪ್ಪು, ಕಪ್ಪಿನೊಳಗೆ ಬೂದಿಯ ಬಿಳಿ. ನಾನು ಮುಚ್ಚಿದೆನೆಂದು ತಿಳಿದೇ ಆ ಹಿರಿಯರು ರಾತ್ರಿಯೆಲ್ಲ ಎದ್ದು ಕೂತಿದ್ದರಲ್ಲ ಎಂದು ನಾಚಿಕೆಯಾಗಿ, ತುದಿಯನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡೆ.