ಒಲೆಗೆ ಹೋದ ಅಚ್ಚುಗಳು

ಉಳಿ ಪೆಟ್ಟಿಗೆಯನ್ನು ಮೊನ್ನೆ ಬೋರಲು ಹಾಕಿ ಕೊಡವಿದಾಗ ತಳದಿಂದ ದಾರ ಕಟ್ಟಿದ ಒಂದು ರಟ್ಟಿನ ಚೀಟಿ ಬಿತ್ತು. 'ಹದಿನಾಲ್ಕು. ಗೋಡೆ ನೇರವಾಯಿತು. ಬೆಲ್ಲ ಕಚ್ಚಿಕೊಂಡಿತು.' ಅಕ್ಷರ ನನ್ನದಲ್ಲ. ಆರನೇ ಕ್ಲಾಸಿಗೇ ಶಾಲೆ ಬಿಟ್ಟವನ ಅಕ್ಷರ ಅಷ್ಟು ದುಂಡಗಿರುವುದಿಲ್ಲ. ಅದು ಮಳವಳ್ಳಿಯ ಆ ಹುಡುಗಿಯದು... ಹನ್ನೆರಡು ವರ್ಷವಾಯಿತೇನೋ.

ಮದ್ದೂರಿನಲ್ಲಿ ನನ್ನದು ಮರಗೆಲಸದ ಅಂಗಡಿ. ಬಾಗಿಲು, ಕಿಟಕಿ ಎಲ್ಲರೂ ಮಾಡುತ್ತಾರೆ. ಆಲೆಮನೆಗಳಿಗೆ ಬೆಲ್ಲದ ಅಚ್ಚು ಕೊರೆಯುವವನು ಸುತ್ತಿನಲ್ಲಿ ನಾನೊಬ್ಬನೇ ಇದ್ದೆ. ಜಂಬ ಅಂದುಕೊಂಡರೂ ಸರಿ. ದಪ್ಪ ಹಲಗೆಯಲ್ಲಿ ಸಾಲಾಗಿ ಗುಳಿ ತೋಡಬೇಕು. ಬಾಯಿ ಅಗಲ, ತಳ ಸಣ್ಣ. ಆ ಓರೆ ಸರಿಯಿದ್ದರೆ ಹಲಗೆ ಮಗುಚಿ ತಟ್ಟಿದ ಕೂಡಲೇ ಬೆಲ್ಲ ಉದುರುತ್ತದೆ. ಗುಳಿಯ ಗೋಡೆ ನೇರವಾಯಿತೋ, ಒಳಗೇ ಕಚ್ಚಿಕೊಳ್ಳುತ್ತದೆ. ಇದಕ್ಕೆ ಸ್ಕೇಲಿಲ್ಲ. ನಮ್ಮ ಅಬ್ಬಾ ಹೆಬ್ಬೆರಳು ಆಡಿಸಿ ನೋಡುತ್ತಿದ್ದರು, ನಾನೂ ಹಾಗೇ.

ಆ ಹುಡುಗಿ ಮಳವಳ್ಳಿಯ ಶಾಲೆ ಮೇಷ್ಟರೊಬ್ಬರ ಮಗಳು. ಮೈಸೂರಿನಲ್ಲಿ ಕೈಕೆಲಸದ ಮೇಲೆ ಎಂ.ಎ. ಓದುತ್ತಿದ್ದಳು. ಕೈಕೆಲಸಕ್ಕೂ ಎಂ.ಎ. ಇದೆ ಅಂತ ನನಗೆ ಗೊತ್ತಾದದ್ದೇ ಅವಳು ಅಚ್ಚು ಕೊರೆಯುವುದನ್ನು ಕಲಿಯಬೇಕು ಅಂತ ಬಂದ ದಿನ. "ನಾನು ಆರನೇ ಕ್ಲಾಸು ಕಣಮ್ಮ, ನನ್ನತ್ರ ಏನ್ ಎಂಎ ಕಲೀತೀಯ?" ಅಂದೆ. "ನೀವು ಹೇಳ್ಕೊಡಿ ಮೇಸ್ತ್ರಿ, ಬರೆಯೋದು ನನಗೆ ಬಿಡಿ" ಅಂದಳು. ಎರಡು ದಿನ ಬಂದು ಫೋಟೊ ಹೊಡೆದು ಹೋಗುತ್ತಾಳೆ ಅಂದುಕೊಂಡೆ. ನಾಲ್ಕು ತಿಂಗಳು ಬಂದಳು. ಬೆಳಗಿನ ಬಸ್ಸಿಗೆ ಬಂದು, ಕಸ ತಾನೇ ಗುಡಿಸಿ, ಉಳಿ ಮಸೆಯಲು ಕೂರುತ್ತಿದ್ದಳು. ಕೈಯಲ್ಲಿ ಬೊಬ್ಬೆ ಎದ್ದಾಗ ನನ್ನ ಹೆಂಡತಿ ಅರಿಸಿನ ಹಚ್ಚಿದಳು. ಬೈಗುಳ ಮಾತ್ರ ನನಗೆ.

ಅಂಗಡಿ ಹಿಂದೆ ಕೆಟ್ಟ ಅಚ್ಚುಗಳ ಒಂದು ಗುಡ್ಡೆ ಇತ್ತು. ಕೆಲಸ ಕಲಿಯಲು ಕೂತ ದಿನದಿಂದ ನಾನು ಕೆಡಿಸಿದವು. ಒಳ್ಳೆಯ ಹಲಗೆಗಳಿಗೆ ನೆಲದ ತೇವ ಹಿಡಿಯದಿರಲಿ ಅಂತ ಕೆಳಗೆ ಹಾಸಲು ಇಟ್ಟುಕೊಂಡಿದ್ದೆ. ಆಕೆ ಅವನ್ನು ಎಳೆದು, ಒರೆಸಿ, ಎಲ್ಲಿ ಉಳಿ ಜಾರಿತು, ಎಲ್ಲಿ ಸರಿಮಾಡಲು ಹೋಗಿ ಇನ್ನಷ್ಟು ಕೆಡಿಸಿದೆ ಅಂತ ಕೇಳಿ ಕೇಳಿ ಒಂದೊಂದಕ್ಕೂ ಚೀಟಿ ಕಟ್ಟಿದಳು. ಕೊನೆಯ ಪರೀಕ್ಷೆಗೆ ಅವಳ ಪ್ರದರ್ಶನ ಅದೇ. ಒಂದು ಕೈ ಮೂವತ್ತು ವರ್ಷದಲ್ಲಿ ಹೇಗೆ ಕಲಿಯಿತು ಅಂತ, ಮೊದಲನೇ ತಪ್ಪಿನಿಂದ ಸಾಲಾಗಿ ಇಡುವುದು. ಅದು ಚೆನ್ನಾಗಿ ಬಂದರೆ ಆ ಕಾಲೇಜಿನಲ್ಲೇ ಪಾಠ ಹೇಳುವ ಕೆಲಸ ಸಿಗಬಹುದು ಅಂತ ಅವಳಿಗೆ ಆಸೆ. ನಾನು ಹೂಂ ಅಂದಿದ್ದೆ.

ಪರೀಕ್ಷೆಗೆ ಹನ್ನೆರಡು ದಿನ ಇರುವಾಗ ಇಲ್ಲೇ ಪಕ್ಕದ ಕೊಪ್ಪದ ಆಲೆಮನೆ ಗೌಡರು ಹೊಸ ಅಚ್ಚು ಒಯ್ಯಲು ಬಂದರು. ಅವತ್ತು ಆಕೆ ಇರಲಿಲ್ಲ. ಚೀಟಿಗಳನ್ನು ಓದಿ ಗೌಡರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಏನ್ ಸಾಬ್ರೆ, ನಿಮ್ ತಪ್ಪುಗೋಳ್ನೆಲ್ಲ ಮೈಸೂರ್ಗೆ ಮೆರವಣಿಗೆ ಕಳುಸ್ತಾ ಇದ್ದೀರಾ? ಇಷ್ಟೊಂದ್ ಕೆಡ್ಸಿದ್ದೀರಿ ಅಂತ ಗೊತ್ತಿದ್ರೆ ನಾನ್ ನಿಮ್ಮತ್ರ ಮಾಡುಸ್ತಾನೇ ಇರ್ನಿಲ್ಲ ಬುಡಿ!"

ತಮಾಷೆಗೇ ಅಂದದ್ದು. ನನಗೆ ತಡೆಯಲಾಗಲಿಲ್ಲ. ಓದಿದವರೆಲ್ಲ ಸಾಲಾಗಿ ನಿಂತು ನನ್ನ ತಪ್ಪನ್ನು ಬಗ್ಗಿ ಬಗ್ಗಿ ನೋಡುವುದು ಕಣ್ಣ ಮುಂದೆ ಬಂತು. ಅವರ ಗೂಡ್ಸ್ ಆಟೋಗೆ ಆ ಗುಡ್ಡೆಯನ್ನೂ ಹೇರಿದೆ. "ಸೌದೆಗಾಯ್ತದೆ ಗೌಡ್ರೆ" ಅಂದೆ. ಜೊತೆಯಲ್ಲೇ ಕೊಪ್ಪಕ್ಕೆ ಹೋಗಿ ಒಲೆಬಾಯಿಗೆ ನಾನೇ ತಳ್ಳಿದೆ. ಚೀಟಿ ಬಿಚ್ಚುವಷ್ಟೂ ತಾಳ್ಮೆ ಇರಲಿಲ್ಲ. ಮೊನ್ನೆ ಸಿಕ್ಕಿದ್ದು ಅದಕ್ಕೂ ಮೊದಲೇ ಯಾವಾಗಲೋ ಕಳಚಿ ಬಿದ್ದದ್ದಿರಬೇಕು. ಒಣಗಿದ ಮರ... ಬೇಗ ಹತ್ತಿಕೊಂಡಿತು.

ಮಾರನೇ ದಿನ ಆಕೆ ಹಿಂದಕ್ಕೆ ಹೋದವಳು ಹಾಗೇ ವಾಪಸು ಬಂದಳು. "ಮೇಸ್ತ್ರಿ, ಅವೆಲ್ಲಿ?"

"ಆಲೆಮನೆ ಗೌಡ್ರು ಸೌದೆ ಅಂತ ಹೇರ್ಕೊಂಡು ಹೋಗವ್ರೆ ಕಣಮ್ಮ. ನಾನ್ ಅಂಗ್ಡೀಲಿರ್ಲಿಲ್ಲ."

ಅವಳು ಅಳಲಿಲ್ಲ. ಹಲಗೆಯ ಮೇಲೆ ಕೂತಳು. ಫೋಟೊಗಳಿದ್ದವು, ಆದರೆ ಪರೀಕ್ಷೆಗೆ ವಸ್ತುವನ್ನೇ ಇಡಬೇಕಂತೆ. "ಇನ್ನೊಂದ್ಸಲ ಮಾಡ್ಕೊಡ್ತೀರಾ?" ಅಂದಳು.

"ಏನನ್ನ?"

"ತಪ್ಪನ್ನ. ಒಂದೈದಾರು ಸಾಕು."

ಮಾಡಲು ಕೂತೆ. ಗೋಡೆ ನೇರ ಇಳಿಸೋಣ ಅಂದರೆ ಕೈ ತಾನಾಗಿ ಓರೆಗೆ ತಿರುಗುತ್ತಿತ್ತು. ಬಲವಂತವಾಗಿ ನಾಲ್ಕು ಕೆಡಿಸಿದೆ. ಆಕೆ ಗುಳಿಯೊಳಗೆ ಹೆಬ್ಬೆರಳು ಆಡಿಸಿ ನೋಡಿ ಕೆಳಗಿಟ್ಟಳು. "ಇದು ನಾಟಕ ಮೇಸ್ತ್ರಿ. ಬೇಕಂತ್ಲೇ ಮಾಡಿದ್ದು ಅಂತ ಮುಟ್ಟಿದ್ರೇ ಗೊತ್ತಾಗುತ್ತೆ." ಮುಟ್ಟಿ ನೋಡುವುದನ್ನು ಕಲಿಸಿದ್ದು ನಾನೇ.

ಕೊನೆಗೆ ತಾನು ನಾಲ್ಕು ತಿಂಗಳಲ್ಲಿ ಕೆಡಿಸಿದ ಏಳು ಅಚ್ಚುಗಳನ್ನೇ ಚೀಲಕ್ಕೆ ತುಂಬಿಕೊಂಡು ಹೋದಳು. ಆಮೇಲೆ ಒಂದು ಫೋನು ಬಂತು. "ಪಾಸಾಯ್ತು ಮೇಸ್ತ್ರಿ." ಕೆಲಸದ ಮಾತು ಎತ್ತಲಿಲ್ಲ. ನಾನೇ ಕೇಳಿದ್ದಕ್ಕೆ, "ಇಲ್ಲ. ನಾಲ್ಕು ತಿಂಗಳ ತಪ್ಪಿಗೆ ಅಷ್ಟೇ ಅಲ್ವಾ" ಅಂತ ನಕ್ಕಳು. "ಗೌಡ್ರನ್ನ ಬೈಬೇಡಿ, ಪಾಪ, ಅವರಿಗೇನು ಗೊತ್ತಿತ್ತು" ಅಂದಳು. ಆಗಲೇ ಹೇಳಬೇಕಿತ್ತು. ಹೂಂ ಅಂದು ಫೋನಿಟ್ಟೆ.

ಎರಡು ವರ್ಷ ಬಿಟ್ಟು, ನಿಜ ಹೇಳಲೆಂದೇ ಮಳವಳ್ಳಿಗೆ ಹೋದೆ. ಮೇಷ್ಟರಿಗೆ ವರ್ಗವಾಗಿ ಆ ಮನೆಯಲ್ಲಿ ಬೇರೆಯವರಿದ್ದರು. ಎಲ್ಲಿಗೆ ಅಂತ ಅವರಿಗೂ ಸರಿಯಾಗಿ ಗೊತ್ತಿರಲಿಲ್ಲ. ಹಳೆಯ ನಂಬರಿಗೆ ಮಾಡಿದರೆ ಯಾರೋ ಗಂಡಸು ಎತ್ತಿದ. ಬಂದ ಬಸ್ಸಿಗೇ ಹತ್ತಿಕೊಂಡೆ...

ಈಗ ಆಲೆಮನೆಗಳಿಗೆ ಪ್ಲಾಸ್ಟಿಕ್ ಅಚ್ಚು ಬಂದಿದೆ. ವರ್ಷಕ್ಕೆ ನಾಲ್ಕೋ ಐದೋ ಕೊರೆದರೆ ಹೆಚ್ಚು. ಹೋದ ತಿಂಗಳು ಯಾವುದೋ ಕಾಲೇಜಿನಿಂದ ಕೈಕೆಲಸವನ್ನೇ ಓದುವ ಆರು ಜನ ಬಂದಿದ್ದರು. "ಹೇಗೆ ಕಲಿತ್ರಿ ಅಂಕಲ್?" ಅಂತ ಒಬ್ಬ ಕೇಳಿದ. ಗೋಡೆಗೆ ಒರಗಿಸಿದ್ದ ಅಚ್ಚುಗಳನ್ನು ತೋರಿಸಿದೆ. ಒಂದಕ್ಕಿಂತ ಒಂದು ಚೊಕ್ಕ. ಸೂಪರ್ ಅಂದರು, ಫೋಟೊ ಹೊಡೆದರು, ಟೀ ಕುಡಿದು ಹೊರಟರು. ಒಬ್ಬರೂ ಕೂರಲಿಲ್ಲ. ಕೂತು ನೋಡುವಂಥದ್ದನ್ನು ನಾನು ಒಂದನ್ನೂ ಉಳಿಸಿಕೊಂಡಿರಲಿಲ್ಲ.